ತಲುಪಿದೆ ಎಂದು ತೋರಿಸಿದ ಸಂದೇಶಗಳು

ಚಿಂತಾಮಣಿಯ ಆಚೆ, ಆಂಧ್ರದ ಗಡಿಗೆ ಹತ್ತಿರದ ಹಳ್ಳಿಯ ಆರೋಗ್ಯ ಉಪಕೇಂದ್ರಕ್ಕೆ ನರ್ಸಾಗಿ ಬಂದ ಮೊದಲ ದಿನವೇ ಒಬ್ಬ ಅಜ್ಜಿ ಹೊಟ್ಟೆ ಹಿಡಿದುಕೊಂಡು, ‘ಕಡುಪು ನೊಪ್ಪಿ’ ಎಂದಳು. ನನಗೆ ಏನೂ ತಿಳಿಯಲಿಲ್ಲ. ವಿಜಯಪುರದಿಂದ ಬಂದಿದ್ದೆ, ರಾಜ್ಯವನ್ನೇನೂ ದಾಟಿರಲಿಲ್ಲ. ಅದು ತೆಲುಗು, ಹೊಟ್ಟೆನೋವು ಅಂತ ಹೇಳ್ತಿದ್ದಾರೆ ಎಂದು ಆಶಾ ಕಾರ್ಯಕರ್ತೆ ರತ್ನಮ್ಮ ವಿವರಿಸಿದರು. ‘ಹೊಟ್ಟಿ ಬ್ಯಾನಿ ಏನ್ರೀ?’ ಎಂದು ನಾನು ಕೇಳಿದಾಗ ಇಬ್ಬರೂ ನಕ್ಕರು.

ಬಾಡಿಗೆ ಕೋಣೆಯ ಪಕ್ಕದಲ್ಲೇ ರೇಷ್ಮೆಹುಳು ಸಾಕುವ ಮನೆ. ಹುಳುಗಳಿಗೆ ಹೊಗೆ ಆಗದೆಂದು ಸೊಳ್ಳೆಬತ್ತಿ ಹಚ್ಚುವಂತಿರಲಿಲ್ಲ. ನಮ್ಮ ಕಡೆ ಹಗಲೆಲ್ಲ ಬಾಗಿಲು ತೆರೆದಿರುತ್ತದೆ, ಅಕ್ಕಪಕ್ಕದವರು ಬಂದುಹೋಗುತ್ತಾರೆ. ಇಲ್ಲಿ ಸಂಜೆ ಮಾತನಾಡಲು ಯಾರೂ ಇಲ್ಲದೆ ಗೋಡೆ ನೋಡುತ್ತ ಕೂರುತ್ತಿದ್ದೆ.

ದೂರದ ಹಳ್ಳಿಗಳ ಗರ್ಭಿಣಿಯರಿಗೆ ಮೊಬೈಲ್ ಸಂದೇಶ ಕಳುಹಿಸುವ ಕೆಲಸ ನನ್ನ ಪಾಲಿಗೆ ಬಂತು. ತಲೆನೋವು, ಮುಖ ಊತ, ಕಣ್ಣು ಮಂಜು ಇದ್ದರೆ ‘1’ ಎಂದು ಉತ್ತರಿಸಬೇಕು. ನಾವು ವಾಹನ ಕಳುಹಿಸುತ್ತೇವೆ. ಅವರಲ್ಲೊಬ್ಬಳಾದ ಲಾವಣ್ಯಳ ಹೆಸರು ಪಟ್ಟಿಗೆ ಬರೆಯುವಾಗ ಭಾಷೆ ಯಾವುದೆಂದು ಅವಳನ್ನು ಕೇಳಲಿಲ್ಲ. ಶಿಡ್ಲಘಟ್ಟದಲ್ಲೇ ಉಳಿದು ರೇಷ್ಮೆ ನೂಲು ತೆಗೆಯುವ ಕೆಲಸ ಮಾಡುವ ಗಂಡ ಅಂದು ಜೊತೆಗಿದ್ದ, ಕನ್ನಡದಲ್ಲೇ ಮಾತನಾಡಿದ. ಕನ್ನಡ ಎಂದು ಬರೆದುಕೊಂಡೆ. ಅವಳು ಎಲ್ಲದಕ್ಕೂ ನಗುತ್ತ ತಲೆಯಾಡಿಸಿದಳು.

ಎಂಟನೇ ತಿಂಗಳಲ್ಲಿ ಅವಳಿಗೆ ಮೂರು ಸಂದೇಶ ಹೋದವು. ನನ್ನ ಪಟ್ಟಿಯಲ್ಲಿ ಮೂರರ ಮುಂದೆಯೂ ‘ತಲುಪಿದೆ’ ಎಂದಿತ್ತು. ಉತ್ತರ ಬರಲಿಲ್ಲವೆಂದರೆ ಚೆನ್ನಾಗಿದ್ದಾಳೆ ಎಂದುಕೊಂಡೆ. ಮೂರನೆಯದು ಹೋದ ನಾಲ್ಕನೆಯ ದಿನ ಅವಳಿಗೆ ಫಿಟ್ಸ್ ಬಂತು. ಚಿಕ್ಕಬಳ್ಳಾಪುರದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮಗು ಹೊಟ್ಟೆಯಲ್ಲೇ ತೀರಿಕೊಂಡಿತ್ತು.

ಹದಿನೈದು ದಿನದ ಮೇಲೆ ರತ್ನಮ್ಮನೊಂದಿಗೆ ಅವಳ ಮನೆಗೆ ಹೋದೆ. ಲಾವಣ್ಯ ಮೊಬೈಲ್ ತಂದು ನನ್ನ ಕೈಯಲ್ಲಿಟ್ಟಳು. ಸಂದೇಶಗಳನ್ನು ಅಳಿಸಿರಲಿಲ್ಲ.

‘ಅಕ್ಕಾ, ಇಂದುಲೋ ಏಮುಂದಿ?’

ಇದರಲ್ಲಿ ಏನಿದೆ ಎಂದು ಕೇಳುತ್ತಿದ್ದಳು. ಆಂಧ್ರದಲ್ಲಿ ಓದಿ, ಮದುವೆಯಾಗಿ ಇಲ್ಲಿಗೆ ಬಂದವಳು. ನನ್ನ ಹಾಗೆಯೇ ಹೊಸಬಳು. ಕನ್ನಡ ಅಕ್ಷರ ಅವಳಿಗೆ ಬರುತ್ತಿರಲಿಲ್ಲ. ಸುಳ್ಳು ಹೇಳಬಹುದಿತ್ತು. ಆದರೆ ಮೂರನ್ನೂ ಓದಿದೆ. ರತ್ನಮ್ಮ ಒಂದೊಂದನ್ನೇ ತೆಲುಗಿನಲ್ಲಿ ಹೇಳಿದರು. ಲಾವಣ್ಯ ಮೆಲ್ಲಗೆ ಏನೋ ಅಂದಳು. ರತ್ನಮ್ಮ ನನ್ನ ಮುಖ ನೋಡದೆ ಹೇಳಿದರು: ‘ಇದೆಲ್ಲಾ ಆಗಿತ್ತಂತೆ, ಮೇಡಮ್.’

ಆಮೇಲೆ ಮನೆಮನೆಗೆ ಹೋಗಿ ಯಾರಿಗೆ ಯಾವ ಅಕ್ಷರ ಬರುತ್ತದೆ, ಯಾರಿಗೆ ಓದು ಬಾರದು ಎಂದು ಬರೆದುಕೊಂಡೆವು. ಕೆಲವರಿಗೆ ತೆಲುಗಿನಲ್ಲಿ ಕಳುಹಿಸಿದೆವು, ಕೆಲವರಿಗೆ ಫೋನ್ ಮಾಡಿದೆವು. ಒಂದು ಮಧ್ಯಾಹ್ನ ‘1’ ಎಂದು ಉತ್ತರ ಬಂತು. ಆ ತಾಯಿ, ಮಗು ಇಬ್ಬರೂ ಉಳಿದರು. ಅಂದು ಖುಷಿಪಡಲು ಹೋಗಿ ಅತ್ತುಬಿಟ್ಟೆ. ಲಾವಣ್ಯ ಈಗ ಉಪಕೇಂದ್ರಕ್ಕೆ ಬರುವುದಿಲ್ಲ.

ಹೋದ ತಿಂಗಳು ತಂಗಿಯ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ವಿಜಯಪುರಕ್ಕೆ ಹೋಗಿದ್ದೆ. ಹಸಿರು ಬಳೆ ತೊಟ್ಟು ಕುಳಿತವಳ ಪಾದ ಒತ್ತಿ ಊತ ನೋಡುತ್ತಿದ್ದರೆ ಅವ್ವ ಬೈದಳು. ವರ್ಗಾವಣೆಗೆ ಅರ್ಜಿ ಹಾಕು ಎಂದಳು. ಅರ್ಜಿ ಬರೆದೆ, ಕೊಡದೆ ಚೀಲದಲ್ಲಿಟ್ಟುಕೊಂಡೆ. ಉಪಕೇಂದ್ರಕ್ಕೆ ಮರಳಲು ಬಸ್ ಹತ್ತಿ, ‘ನಾಳೆ ಊರಾಗ ಇರ್ತೀನಿ, ಚಿಂತಿ ಮಾಡಬ್ಯಾಡ’ ಅಂದೆ.

ಅವ್ವ ಕಿಟಕಿಯ ಸರಳು ಹಿಡಿದು ಕೇಳಿದಳು: ‘ಯಾವ ಊರಾಗ?’