ಮಾಣಿಯ ಎತ್ತರ

ಹ್ಯಾರೋದ ಮೈದಾನವೊಂದರಲ್ಲಿ ವೃತ್ತಿಪರ ತಂಡಕ್ಕೆ ಅಮೆರಿಕನ್ ಫುಟ್‌ಬಾಲ್ ಆಯ್ಕೆ ನಡೆದಿತ್ತು. ಆಟಗಾರರ ಎತ್ತರ, ತೂಕ ಅಳೆಯುವ ಕೆಲಸ ನನ್ನದು. ಎದುರಾಳಿಗೆ ಚೆಂಡು ಸಿಗದಂತೆ ತಡೆಯುವವನು ಕಾರ್ನರ್‌ಬ್ಯಾಕ್. ಆ ಜಾಗಕ್ಕೆ ಬಂದಿದ್ದ ಕುಂದಾಪುರದವರ ಕಾಲೇಜು ಹುಡುಗ, ತನಗಿಂತ ಒಂದು ತಲೆ ಎತ್ತರದವರಿಗೂ ಬೆಳಗಿನಿಂದ ಒಂದೇ ಒಂದು ಚೆಂಡು ಸಿಗಗೊಡಲಿಲ್ಲ. ಆದರೂ ನಮ್ಮ ಕೋಚ್ "ಗಿಡ್ಡ, ಬೇಡ" ಅಂದುಬಿಟ್ಟ. ಅದನ್ನು ಹುಡುಗನ ಅಪ್ಪನಿಗೆ ಹೇಳುವ ಕರ್ಮ, ಕನ್ನಡದವನೆಂದು, ನನ್ನ ತಲೆಗೇ ಬಂತು.

"ನಮ್ಮ ಮಾಣಿ ಆಡಿದ್ದು ಯಾರೂ ನೋಡ್ಲಿಲ್ವಾ ಸರ್?" ಸುದ್ದಿ ಕೇಳಿ ಅಪ್ಪ ಅಂದರು.

"ನೋಡಿದ್ರು. ಭಾನುವಾರ ಮತ್ತೆ ಬರಬೇಕಂತೆ."

ಅವರ ಮುಖ ಅರಳಿತು. "ಹಾಗಾದ್ರೆ ತಗೊಂಡ್ರಾ?"

"ಇಲ್ಲ. ಆಯ್ಕೆಯಾದ ಉದ್ದದವರಿಗೆ ತಡೆಯೋದು ಹೇಗಂತ ಹೇಳಿಕೊಡಬೇಕಂತೆ."

ಅವರು ತಾವು ತಂದಿದ್ದ ಡಬ್ಬಿಗಾಗಿ ಕೈ ಚಾಚಿದರು. ಅದರೊಳಗಿನ ಪುಟ್ಟ ಪುಟ್ಟ ಗೋಳಿಬಜೆಗಳನ್ನೆಲ್ಲ ಕೋಚ್ ಆಗಲೇ ಮುಗಿಸಿದ್ದ. ಅವುಗಳ ಗಾತ್ರದ ಬಗ್ಗೆ ಮಾತ್ರ ಆಸಾಮಿ ಚಕಾರ ಎತ್ತಿರಲಿಲ್ಲ.