ಅತ್ತೆಯ ಬುಟ್ಟಿಯೂ ಬಕೆಟ್ಟಿಗೆ

ಹಂಗೇರಿಯ ಎಗರ್ ಊರಿನ ಶನಿವಾರದ ಸಂತೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮೂಲೆಯ ಪುಟ್ಟ ಕೋಣೆಯ ಮುಂದೆ ಆಗಲೇ ಸಾಲು, ಎಲ್ಲರ ಕೈಯಲ್ಲೂ ಕಾಡಿನ ಅಣಬೆಯ ಬುಟ್ಟಿ. ಒಳಗೆ ಪರೀಕ್ಷಕಿ ಪಿರೋಶ್ಕಾ ಒಂದೊಂದನ್ನೇ ತಿರುಗಿಸಿ, ಮೂಸಿ ನೋಡುತ್ತಾರೆ. ತಿನ್ನುವಂಥದ್ದು ಬುಟ್ಟಿಗೆ, ಅನುಮಾನದ್ದು ಬಕೆಟ್ಟಿಗೆ. ಜನರಿಗೆ ಇದು ಪುಕ್ಕಟೆ ಸೇವೆ. ಪಿರೋಶ್ಕಾಗೆ ಬೈಗುಳ ಪುಕ್ಕಟೆ.

"ನಮ್ಮಜ್ಜಿ ಕಾಲದಿಂದ ತಿಂತಿರೋದು ಕಣಮ್ಮಾ," ಎಂದು ಮುದುಕರೊಬ್ಬರು ವಾದಕ್ಕಿಳಿಯುತ್ತಾರೆ.

"ನಿಮ್ಮಜ್ಜಿ ಬುಡಸಮೇತ ಕೀಳ್ತಿದ್ರು. ನೀವು ಚಾಕೂಲಿ ಕತ್ತರಿಸಿದೀರ. ವಿಷದ ಅಣಬೆಗೆ ಬುಡದಲ್ಲಿ ಚೀಲ ಇರುತ್ತೆ, ಅದು ಮಣ್ಣಲ್ಲೇ ಉಳೀತು. ನಾನೇನು ನೋಡಿ ಹೇಳ್ಲಿ?"

ಶಾಲೆಯ ಅಡುಗೆಮನೆಯಲ್ಲಿದ್ದ ಪಿರೋಶ್ಕಾ ಅಣಬೆ ಗುರುತಿಸುವ ಪರೀಕ್ಷೆ ಪಾಸು ಮಾಡಿ ಈ ಕುರ್ಚಿಗೆ ಬಂದವರು. ಕುರ್ಚಿ ಎಷ್ಟು ಬಿಸಿ ಎನ್ನುವುದು ಗೊತ್ತಾದದ್ದು ಹೋದ ವರ್ಷ, ಅತ್ತೆ ತೆರೇಜಾ ಬುಟ್ಟಿ ಹಿಡಿದು ಬಂದಾಗ. ಮಾರನೇ ದಿನ ಅತ್ತೆಯ ಹೆಸರಿನ ಹಬ್ಬ; ಅಲ್ಲಿ ಹುಟ್ಟುಹಬ್ಬದ ಹಾಗೆ ಒಂದೊಂದು ಹೆಸರಿಗೂ ಒಂದು ದಿನ. ನೆಂಟರಿಗೆಲ್ಲ ಅಣಬೆ ಸಾರು ಎಂದಾಗಿತ್ತು. ಬುಟ್ಟಿಯಲ್ಲಿದ್ದವೆಲ್ಲ ಬುಡ ಕತ್ತರಿಸಿದ ಬಿಳಿ ಅಣಬೆಗಳು.

"ಮನೆಯವಳು ಅಂತ ಬಿಟ್ಟುಬಿಡೇ," ಎಂದರಂತೆ ಅತ್ತೆ.

"ಹೊರಗೆ ನಿಂತೋರಿಗೊಂದು, ನಿಮಗೊಂದು ಮಾಡಿದ್ರೆ ನಾಳೆ ಇಲ್ಲಿ ಹೇಗೆ ಕೂರ್ಲಿ ಅತ್ತೆ?"

ಇಡೀ ಬುಟ್ಟಿ ಬಕೆಟ್ಟಿಗೆ ಬಿತ್ತು. ಹಬ್ಬಕ್ಕೆ ಆಲೂಗಡ್ಡೆ ಸಾರಾಯಿತು, ಅತ್ತೆ ಸೊಸೆಯೊಡನೆ ಮಾತು ಬಿಟ್ಟರು. "ಸರಿಯಾದದ್ದೇ ಮಾಡಿದ್ದೆ. ಆದ್ರೂ ಆ ಆಲೂಗಡ್ಡೆ ಸಾರು ರುಚಿಸಲಿಲ್ಲ," ಎನ್ನುತ್ತಾರೆ ಪಿರೋಶ್ಕಾ.

ಮುಂದಿನ ವಾರ ತೆರೇಜಾ ಹೊಸ ಬುಟ್ಟಿ ತುಂಬಿ, ಸೊಸೆಯ ಕಣ್ಣು ತಪ್ಪಿಸಿ, ಪಕ್ಕದ ಊರಿನ ಪರೀಕ್ಷಕ ವಿಲ್ಮೋಶ್ ಬಳಿಗೆ ಬಸ್ ಹತ್ತಿದರು. ಅಲ್ಲಿ ಸಾಲಿನಲ್ಲಿ ಅವರ ಮುಂದೆಯೇ ಬುಟ್ಟಿ ಹಿಡಿದು ನಿಂತಿದ್ದವರು ಪಿರೋಶ್ಕಾ! ತಾನು ಕಿತ್ತದ್ದನ್ನು ತಾನೇ ಪಾಸು ಮಾಡಿಕೊಳ್ಳಬಾರದೆಂದು ಅವರು ಮೊದಲಿನಿಂದಲೂ ಹೀಗೆ ಹೋಗಿಬರುತ್ತಾರೆ. ಹುಳ ಬಿದ್ದಿದೆ ಎಂದು ವಿಲ್ಮೋಶ್ ಅರ್ಧ ಬುಟ್ಟಿ ಎಸೆದರು. ಸೊಸೆ ಉಳಿದರ್ಧ ಎತ್ತಿಕೊಂಡು ಪಕ್ಕಕ್ಕೆ ಸರಿದರು. ಹಿಂದೆ ನಿಂತಿದ್ದ ಅತ್ತೆಗೆ ನಗು ತಡೆಯಲಾಗಲಿಲ್ಲ. ಇಬ್ಬರೂ ಒಂದೇ ಸೀಟಿನಲ್ಲಿ ಕೂತು ಊರಿಗೆ ಬಂದರು.

ಈಗ ತೆರೇಜಾರ ಬುಟ್ಟಿಯಲ್ಲಿ ಅಣಬೆಯ ಜೊತೆ ಮಣ್ಣೂ ಇರುತ್ತದೆ. ಸಾಲಿನಲ್ಲಿ ಗೊಣಗುವವರನ್ನು ಗದರುವುದೂ ಅವರೇ. "ನನ್ನ ಬುಟ್ಟೀನೇ ಸುರಿದಳು ಮಾರಾಯಾ, ನಿಂದ್ಯಾವ ಲೆಕ್ಕ?"

ಪಿರೋಶ್ಕಾರ ಆಸೆ ದೊಡ್ಡದೇನಲ್ಲ. ಬಕೆಟ್ಟಿನ ಮುಚ್ಚಳ ಹಾಕುತ್ತಾ ಹೇಳುತ್ತಾರೆ: "ನಾಳೆ ಎಲ್ಲರೂ ಹೊಟ್ಟೆ ತುಂಬ ಸಾರು ಉಣ್ಣಲಿ. ಇವತ್ತು ಬೈದೋರೆಲ್ಲ ಮುಂದಿನ ಶನಿವಾರ ಮತ್ತೆ ಬೈಯೋಕೆ ಬರಲಿ. ಒಬ್ಬರೂ ತಪ್ಪಬಾರದು."