ಮಸಾರಿ ಅಂದುಕೊಂಡ ಮಣ್ಣು

ಪುಣೆಯಲ್ಲಿ ಗೋವಿನಜೋಳದ ತೆನೆಗೆ ಬರವಿಲ್ಲ. ಗಾಡಿಯವರು ಕೆಂಡದ ಮೇಲೆ ಸುಟ್ಟು, ಲಿಂಬಿ ಹಿಂಡಿ, ಉಪ್ಪು ಖಾರ ತಿಕ್ಕಿ ಕೊಡುತ್ತಾರೆ. ಸಕ್ಕರೆ ತಿಂದಂಗ ಇರುತ್ತದೆ. ಅದು ನನಗೆ ಬೇಡ. ನನಗೆ ಬೇಕಾದದ್ದು ಧಾರವಾಡದ ಕಡೆಯ ನಮ್ಮ ತವರಿನ ಹೊಲದ ತೆನೆ. ಅಲ್ಲಿ ಮೊದಲ ತೆನೆಯನ್ನು ಅಕ್ಕ ಬದುವಿನ ಮೇಲೆ ಸುಟ್ಟು ಎರಡು ಮಾಡುತ್ತಿದ್ದಳು. ಬುಡದ ದಪ್ಪ ಅರ್ಧ ಸಣ್ಣವಳಾದ ನನಗೆ, ತುದಿ ಅವಳಿಗೆ. ನಮ್ಮ ಮನೆಯ ಪದ್ಧತಿ ಅದು. ಈಗ ಆ ಹೊಲದಲ್ಲಿ ಪ್ಲಾಟು ಬಿದ್ದಿವೆ.

ಹೋದ ಬೇಸಿಗೆಯಲ್ಲಿ ಅಕ್ಕನ ಫೋನು ಬಂತು. ಕಣ್ಣಿನ ಆಪರೇಶನ್‌ಗೆ ಮಳೆಗಾಲದ ಕೊನೆಗೆ ಪುಣೆಗೆ ಬರುತ್ತಾಳಂತೆ.

"ಬಾ. ನಾನಽ ಬೆಳೆದ ತೆನಿ ತಿನಸ್ತೀನಿ," ಅಂದೆ.

"ನಿಮ್ಮ ಪುಣೆದಾಗ ಸಿಮೆಂಟ್ ಬಿಟ್ರ ಏನದ? ಬಾಲ್ಕನ್ಯಾಗ ಬಿತ್ತೀಯೇನ?"

ಮಾತು ನಟ್ಟಿತು. ತೆನೆ ಕೊಡಲೇಬೇಕು ಅಂತ ಹಟಕ್ಕೆ ಬಿದ್ದೆ.

ಪುಣೆಯ ಕೊಂಢವಾ ಬಡಾವಣೆಯ ನಮ್ಮ ಬಿಲ್ಡಿಂಗಿನ ಹಿಂದೆ ಚೂರು ಜಾಗ ಇದೆ. ಒಂದು ಕಡೆ ಕಪ್ಪು ಎರೆ ಮಣ್ಣು. ಇನ್ನೊಂದು ಕಡೆ, ತಗ್ಗು ತುಂಬಲು ಟ್ರಕ್ಕಿನವರು ಸುರಿದ ಕೆಂಪು ಮಣ್ಣು. ನಮ್ಮ ಹೊಲದ ಮಣ್ಣೂ ಮಸಾರಿ, ಅದೇ ಕೆಂಪು.

ಊರಲ್ಲಿ ಅವ್ವ ಮಣ್ಣು ನೋಡುತ್ತಿದ್ದ ರೀತಿ ಬೇರೆ. ಮೊಣಕೈ ಆಳ ಗುಂಡಿ ತೋಡಿ ಒಂದು ಕೊಡ ನೀರು ಸುರಿಯುತ್ತಿದ್ದಳು. ಸುರಿದ ಕೂಡಲೇ ಕುಡಿದರೆ ಅದು ಕಲ್ಲುಪುಡಿಯ ಗರಸು, ಬೆಳೆ ಬಾಯಾರಿ ಸಾಯುತ್ತದೆ. ಮರುದಿನವೂ ನಿಂತಿದ್ದರೆ ಬೇರು ಕೊಳೆಯುತ್ತದೆ. ನಾವು ಮೂವರೂ ಗುಂಡಿಯ ಸುತ್ತ ಕೂತು, ಮಾತಾಡಿ ಏಳುವ ಹೊತ್ತಿಗೆ ಇಂಗಿದರೆ ಗೋವಿನಜೋಳಕ್ಕೆ ಅದೇ ಮಣ್ಣು.

ಎರೆಯಲ್ಲಿ ಗುಂಡಿ ತೋಡಿ ನೀರು ಸುರಿದೆ. ಮರುದಿನ ಬೆಳಿಗ್ಗೆ ನೀರು ಹಾಗೇ ಇತ್ತು. ಕೆಂಪಿನಲ್ಲಿ ತೋಡಲೇ ಇಲ್ಲ.

"ಅತ್ಯಾರ, ಇದಕ್ಕ ನೀರ ಹಾಕಿ ನೋಡೂದಿಲ್ರೀ?" ಸೊಸೆ ಕೇಳಿದಳು.

"ತವರಿನ ಮಣ್ಣಿನ ಗುರುತು ನನಗಿಲ್ಲೇನ?"

ಕೆಂಪಿನಲ್ಲೇ ಬಿತ್ತಿದೆ. ಉಳಿದ ನಾಲ್ಕು ಕಾಳನ್ನು ಎರಡು ಮಣ್ಣು ಬೆರೆತಿದ್ದ ಅಂಚಿನಲ್ಲಿ ಊರಿದೆ, ಬಿಸಾಡಲು ಮನಸ್ಸಾಗದೆ.

ಕೆಂಪಿನಲ್ಲಿದ್ದವು ಮೊಣಕಾಲಿಗಿಂತ ಮೇಲೆ ಏಳಲಿಲ್ಲ. ಅಷ್ಟಕ್ಕೇ ತುದಿಗೆ ಸೂಲಂಗಿ ಹೂ ಬಿಟ್ಟವು. ತೆನೆ ಸುಲಿದರೆ ಒಳಗೆ ಕಾಳಿಲ್ಲ. ಅಂಚಿನದೊಂದು ಮಾತ್ರ ನನ್ನ ತಲೆ ಮೀರಿ ಬೆಳೆದು ಒಂದು ತೆನೆ ಕೊಟ್ಟಿತು.

ಆಪರೇಶನ್ ಮುಗಿದ ಮೇಲೆ ಅಕ್ಕ ಕರಿ ಚಾಳೀಸು ಹಾಕಿಕೊಂಡು ಹಿತ್ತಲಿಗೆ ಬಂದಳು.

"ಇದೇನ, ಕರಕಿ ಹುಲ್ಲು ಬೆಳೆಸೀಯೇನ?" ಅಂತ ನಕ್ಕು, ಕೆಂಪು ಮಣ್ಣನ್ನು ಬೆರಳಲ್ಲಿ ತಿಕ್ಕಿದಳು. "ಹುಚ್ಚಿ, ಇದು ಮಸಾರಿ ಅಲ್ಲ, ರಸ್ತೆಗೆ ಹಾಕೂ ಮುರುಮ."

"ಬಣ್ಣ ನಮ್ಮ ಹೊಲದ್ದಽ ಇತ್ತು."

ಅಕ್ಕ ಅಂಚಿನ ಗಿಡದ ತೆನೆ ಕಿತ್ತುಕೊಂಡು ಒಳಗೆ ನಡೆದಳು. ತೆನೆಯನ್ನು ಗ್ಯಾಸಿನ ಮೇಲೆ ಅವಳೇ ಸುಟ್ಟಳು. ಮುರಿದು ಬುಡ ನನ್ನ ಕೈಗಿಟ್ಟಳು.

"ರುಚಿ ಬ್ಯಾರೆ ಅದ," ಅಂದಳು. ಹೌದು, ಬೇರೆ ಇತ್ತು. ಇಬ್ಬರೂ ಒಂದು ಕಾಳು ಬಿಡದೆ ತಿಂದೆವು.

ಅವಳು ಊರಿಗೆ ಹೋದಳು. ಈ ವರ್ಷ ಎರೆಗೆ ಮುರುಮ, ಸೆಗಣಿ ಗೊಬ್ಬರ ಕಲಸಿ, ಗುಂಡಿ ತೋಡಿ ನೀರು ಸುರಿದೆ. ಕೂತೆ. ಮಾತಾಡಿ ಏಳಬೇಕು, ಮಾತಿಗೆ ಯಾರೂ ಇಲ್ಲ. ಅಕ್ಕನಿಗೆ ಫೋನು ಹಚ್ಚಿ ಗುಂಡಿಯ ಸುದ್ದಿ ಹೇಳಿದೆ. ಅವಳ ಕಣ್ಣು, ನನ್ನ ಮೊಣಕಾಲು, ಅವ್ವನ ಬೈಗುಳ, ಎಲ್ಲ ಬಂದುಹೋಯಿತು.

"ನೀರು ಇಳೀತೇನ?" ಅಕ್ಕ ಕೇಳಿದಳು.

ಗುಂಡಿಯ ತಳ ಕಾಣುತ್ತಿತ್ತು.

"ಇನ್ನೂ ಇಲ್ಲ," ಅಂದೆ. "ಮಾತಾಡು."